ಹನ್ನೊಂದು ಜಗದೋದ್ಧಾರನ, ಒಂದು ಮುನಿಸು

ಪ್ರಶ್ನೆ: ನಾನು ಹೊಸೂರಿನ ಮತ್ತಿಗಿರಿ ಕಡೆಯವನು. ಸಿಪ್‌ಕಾಟಿನ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾಗಿದ್ದೇನೆ. ನಮ್ಮ ತಂದೆ ದೇಂಕಣಿಕೋಟೆ ಹತ್ತಿರದ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಅವರು ಬಿಟ್ಟುಹೋದದ್ದು ಒಂದು ಗ್ರಾಮಫೋನು, ಎರಡು ಟ್ರಂಕು ಪ್ಲೇಟು. ಅದಕ್ಕೆ ನಾನು ಎಲ್.ಪಿ. ಸೇರಿಸಿದೆ, ಕ್ಯಾಸೆಟ್ಟು ಸೇರಿಸಿದೆ, ಆಮೇಲೆ ಸಿ.ಡಿ. ಈಗ ಸಿ.ಡಿ.ಗಳೇ ಆರುನೂರು ದಾಟಿವೆ. ಒಂದೇ ಕೃತಿಯನ್ನು ಯಾರು ಯಾರು ಹಾಡಿದ್ದಾರೋ ಅಷ್ಟನ್ನೂ ಹುಡುಕಿ ತಂದು, ಒಂದರ ಹಿಂದೊಂದು ಹಾಕಿ ಕೇಳಿ, ನೋಟ್‌ಬುಕ್ಕಿನಲ್ಲಿ ನೂರಕ್ಕೆ ಇಷ್ಟು ಎಂದು ಅಂಕ ಹಾಕುವುದು ನನ್ನ ಅಭ್ಯಾಸ. ‘ಜಗದೋದ್ಧಾರನ’ ಒಂದೇ ನನ್ನ ಹತ್ತಿರ ಹನ್ನೊಂದು ಇವೆ.

ಮನೆಯವಳಿಗೆ ಇದು ಸರಿಬರುವುದಿಲ್ಲ. ‘ಅದೇ ಹಾಡು ಎಷ್ಟು ಸಲ ಕೊಳ್ಳುತ್ತೀರಿ’ ಎನ್ನುತ್ತಾಳೆ. ಹೊಸದನ್ನು ತಂದರೆ ಕೆಲವು ದಿನ ಸ್ಕೂಟರಿನ ಡಿಕ್ಕಿಯಲ್ಲೇ ಇಟ್ಟಿರುತ್ತೇನೆ. ಮಗ ಬೆಂಗಳೂರಿನಲ್ಲಿದ್ದಾನೆ, ನಮ್ಮನ್ನೂ ಅಲ್ಲಿಗೇ ಬನ್ನಿ ಎನ್ನುತ್ತಾನೆ. ‘ಇವೆಲ್ಲ ಫೋನಿನಲ್ಲೇ ಸಿಗುತ್ತವೆ ಅಪ್ಪಾ, ಫ್ಲ್ಯಾಟಿನಲ್ಲಿ ಜಾಗ ಎಲ್ಲಿದೆ?’ ಎಂದು ಅವನ ವಾದ. ಹಳೇ ಪ್ಲೇಟಿನ ವ್ಯಾಪಾರಿಯೊಬ್ಬರು ಬಂದು ನೋಡಿ, ಎಲ್ಲವನ್ನೂ ಸಗಟಾಗಿ ಒಂದು ರೇಟಿಗೆ ಕೇಳಿದ್ದಾರೆ.

ಇನ್ನೊಂದು ಸಂಗತಿ. ಈ ಸಲ ರಾಮನವಮಿಗೆ ನನ್ನ ತಂಗಿಯ ಮಗಳು ದೇವಸ್ಥಾನದಲ್ಲಿ ಅದೇ ‘ಜಗದೋದ್ಧಾರನ’ ಹಾಡಿದಳು. ‘ಎಂ.ಎಲ್.ವಿ. ಹಾಡಿರೋದರಲ್ಲಿ ಈ ಸಂಗತಿ ಇಲ್ಲವಲ್ಲಮ್ಮ’ ಎಂದು ಎಲ್ಲರೆದುರು ಅಂದುಬಿಟ್ಟೆ. ಅಂದಿನಿಂದ ಅವಳು ನಮ್ಮ ಮನೆಗೆ ಬಂದಿಲ್ಲ. ಈಗ ಯಾವ ಸಂಗೀತ ಕಚೇರಿಗೆ ಹೋದರೂ ನನಗೆ ನೆಮ್ಮದಿಯಿಲ್ಲ. ಎಲ್ಲವನ್ನೂ ಮಾರಿ ಕೈತೊಳೆದುಕೊಳ್ಳಲೇ?

ಉತ್ತರ: ಜಾಗ, ದುಡ್ಡು, ವ್ಯಾಪಾರಿ, ಮಗನ ಫೋನು ಎಲ್ಲವನ್ನೂ ಬರೆದ ಮೇಲೆ ಹುಡುಗಿಯ ಮಾತನ್ನು ‘ಇನ್ನೊಂದು ಸಂಗತಿ’ ಎಂದು ಕೊನೆಗೆ ಸೇರಿಸಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಪ್ಲೇಟುಗಳು ಇನ್ನೂ ಹತ್ತು ವರ್ಷ ಕಾದಾವು, ಹಾಡು ಕಲಿಯುವ ವಯಸ್ಸಿನ ಹುಡುಗಿ ಕಾಯುವುದಿಲ್ಲ.

ತಂಗಿಯ ಮನೆಗೆ ನೀವೇ ಹೋಗಿ. ಅವಳನ್ನು ನಿಮ್ಮ ಮನೆಗೆ ಕರೆಸಬೇಡಿ, ಫೋನಿನಲ್ಲಿ ಮುಗಿಸಬೇಡಿ, ಕೈಯಲ್ಲಿ ಒಂದು ಸಿ.ಡಿ. ಹಿಡಿದಂತೂ ಹೋಗಬೇಡಿ. ನಾಲ್ಕು ಜನರ ನಡುವೆ ಆಡಿದ ಮಾತನ್ನು ನಾಲ್ಕು ಜನರ ನಡುವೆಯೇ ವಾಪಸು ತೆಗೆದುಕೊಳ್ಳಬೇಕು. ಅವಳ ತಾಯಿ ಎದುರಿಗಿರಲಿ, ಪಾಠ ಹೇಳಿದ ಗುರುಗಳಿಗೂ ಆ ಮಾತು ಮುಟ್ಟಲಿ. ಏಕೆಂದರೆ ನಿಮ್ಮ ಮಾತು ಬಿದ್ದದ್ದು ಹುಡುಗಿಯ ಮೇಲೆ ಮಾತ್ರವಲ್ಲ. ಆ ಸಂಗತಿ ಅವಳಿಗೆ ಗುರುಮುಖದಿಂದ ಬಂದ ಪಾಠ. ‘ಮಾವ ಹಾಗೆ ಅನ್ನಬಾರದಿತ್ತು ಮಗಳೇ, ತಪ್ಪಾಯಿತು’ ಎಂದರೆ ಸಾಕು, ವಿವರಣೆ ಬೇಡ. ಅವಳು ಅಂದೇ ಹಾಡುತ್ತಾಳೆ ಎಂದು ಕಾಯಬೇಡಿ, ಹಾಡು ಎಂದು ಕೇಳಲೂ ಬೇಡಿ.

ಈಗ, ಆ ಮಾತು ಏಕೆ ತಪ್ಪು ಎನ್ನುವುದನ್ನು ನೋಡೋಣ. ಸಂಗೀತದ ಲೆಕ್ಕದಲ್ಲೂ ಅದು ತಪ್ಪೇ. ನಿಮ್ಮಂಥ ಕೇಳುಗರಿಗೆ ಸಮಾಧಾನದ ಮಾತಿಗಿಂತ ಈ ವಿವರ ಹೆಚ್ಚು ಕೆಲಸ ಮಾಡುತ್ತದೆ ಎಂದು ನಂಬಿದ್ದೇನೆ.

‘ಜಗದೋದ್ಧಾರನ’ ಪುರಂದರದಾಸರದು. ದಾಸರು ಹದಿನಾರನೇ ಶತಮಾನದವರು. ಅವರ ಪದಗಳಿಗೆ ಅವರೇ ಬರೆದಿಟ್ಟ ಸ್ವರಲಿಪಿ ಇಲ್ಲ. ಸಾಹಿತ್ಯ ಬಾಯಿಂದ ಬಾಯಿಗೆ ಬಂತು, ಧಾಟಿ ಊರಿಂದ ಊರಿಗೆ ಬದಲಾಯಿತು. ನಾವು ಈಗ ಕೇಳುವ ಕಾಪಿ ರಾಗದ ರೂಪ ಮನೆಮಾತಾದದ್ದರಲ್ಲಿ ಬಿ.ಎಸ್. ರಾಜಯ್ಯಂಗಾರ್ಯರ ಗ್ರಾಮಫೋನ್ ಪ್ಲೇಟಿನ ಪಾಲು ದೊಡ್ಡದು. ನಿಮ್ಮ ತಂದೆಯವರ ಟ್ರಂಕಿನಲ್ಲಿ ಅದು ಇದ್ದರೆ ಆಶ್ಚರ್ಯವಿಲ್ಲ. ಎಂ.ಎಲ್. ವಸಂತಕುಮಾರಿಯವರಿಗೆ ದೇವರನಾಮಗಳ ನಂಟು ಬಂದದ್ದು ತಾಯಿ ಲಲಿತಾಂಗಿಯವರಿಂದ. ಆ ತಾಯಿ ಪುರಂದರದಾಸರ ಪದಗಳನ್ನು ಹುಡುಕಿ ಹಾಡಿದವರು. ಮನೋಧರ್ಮ ಬೆಳೆದದ್ದು ಗುರು ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರ ನೆರಳಿನಲ್ಲಿ. ಭೀಮಸೇನ ಜೋಶಿಯವರು ದಾಸವಾಣಿಗೆ ಕೈಹಾಕಿದಾಗ ದಕ್ಷಿಣದ ಧಾಟಿಯನ್ನು ಬಿಟ್ಟು ತಮ್ಮ ದಾರಿಯಲ್ಲೇ ಹಾಡಿದರು. ಇವರಲ್ಲಿ ಒಬ್ಬರೂ ಇನ್ನೊಬ್ಬರ ನಕಲಲ್ಲ. ಮೂಲ ಇದೇ ಎಂದು ಬೊಟ್ಟು ಮಾಡಿ ತೋರಿಸುವಂಥದ್ದು ಎಲ್ಲೂ ಇಲ್ಲದಿರುವಾಗ ಆ ಹುಡುಗಿಯ ಸಂಗತಿ ಯಾವುದಕ್ಕೆ ವಿರುದ್ಧವಾಯಿತು? ಅದು ಒಂದು ಪಾಠಾಂತರ, ಅಷ್ಟೆ. ನಿಮ್ಮ ಲೆಕ್ಕದ ಹನ್ನೆರಡನೆಯದು.

ಇನ್ನು ಅಂಕದ ಪುಸ್ತಕ. ನೀವು ಅಕ್ಕಪಕ್ಕ ಇಟ್ಟು ತೂಗುತ್ತಿರುವ ಹನ್ನೊಂದು ಒಂದೇ ಜಾತಿಯ ವಸ್ತುಗಳಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ಪ್ಲೇಟಿನ ಒಂದು ಮೈಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷ, ಹೆಚ್ಚೆಂದರೆ ಮೂರೂಕಾಲು. ಹಾಡುವವರು ಅಷ್ಟರೊಳಗೆ ಮುಗಿಸಲೇಬೇಕು. ಆಲಾಪನೆ ನಾಲ್ಕು ಎಳೆಗೆ ಇಳಿಯುತ್ತಿತ್ತು, ಪಲ್ಲವಿಯ ಸಂಗತಿಗಳಲ್ಲಿ ಅರ್ಧ ಉದುರುತ್ತಿದ್ದವು, ಕಾಲಪ್ರಮಾಣ ಏರುತ್ತಿತ್ತು. ಮೈಕು ಬರುವುದಕ್ಕೆ ಮುಂಚೆಯಂತೂ ತಗಡಿನ ಕಹಳೆಯೊಳಗೆ ಮುಖವಿಟ್ಟು ಕೂಗಿ ಹಾಡಬೇಕಿತ್ತು. ವಿದ್ಯುತ್ ಧ್ವನಿಮುದ್ರಣ ಶುರುವಾದದ್ದು 1925ರಲ್ಲಿ, ಅದೂ ಪಶ್ಚಿಮದಲ್ಲಿ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಪ್ರತಿ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯ ಕೆಲಸಗಾರರಿಗೆ ಯಾರ ಹಾಡು ಎಂದು ತಿಳಿಯಬೇಕಲ್ಲ. ಆ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿಗೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದು, 1930ರಲ್ಲಿ ಅಲ್ಲೇ ತೀರಿಕೊಂಡರು. ಇಂಥ ಇಕ್ಕಟ್ಟಿನಲ್ಲಿ ಹಾಡಿದ ಮೂರು ನಿಮಿಷವನ್ನು, ಸ್ಟುಡಿಯೋದಲ್ಲಿ ನಿಧಾನವಾಗಿ ಮಾಡಿದ ಎಲ್.ಪಿ.ಯ ಪಕ್ಕದಲ್ಲಿ, ಸಭಾದಲ್ಲಿ ಎರಡು ಗಂಟೆ ಹಾಡಿ ದಣಿದ ಮೇಲೆ ತುಕ್ಕಡವಾಗಿ ಬಂದ ಸಿ.ಡಿ.ಯ ಪಕ್ಕದಲ್ಲಿ ಇಟ್ಟು ಒಂದಕ್ಕೆ ಎಪ್ಪತ್ತು, ಒಂದಕ್ಕೆ ತೊಂಬತ್ತು ಎಂದರೆ, ಅಂಕ ಬಿದ್ದದ್ದು ಹಾಡಿಗೋ ಹಾಡಿದವರ ಅನುಕೂಲಕ್ಕೋ?

ವೇಗದ ವಿಷಯವೂ ಇದೆ. 78 ಎಂದು ಬರೆದಿದ್ದರೂ ಹಳೆಯ ಪ್ಲೇಟುಗಳೆಲ್ಲ ಸರಿಯಾಗಿ 78 ಸುತ್ತಿಗೆ ಮುದ್ರಣವಾದವಲ್ಲ. ನಿಮ್ಮ ಯಂತ್ರ ನಿಮಿಷಕ್ಕೆ ನಾಲ್ಕೈದು ಸುತ್ತು ಜಾಸ್ತಿ ಓಡಿದರೆ ಶ್ರುತಿ ಅರ್ಧ ಸ್ವರ ಏರಿಬಿಡುತ್ತದೆ. ಒಂದು ಕಟ್ಟೆಗೆ ಹಾಡಿದವರು ಒಂದೂವರೆ ಕಟ್ಟೆಗೆ ಹಾಡಿದಂತೆ ಕೇಳುತ್ತಾರೆ, ದನಿ ಕೀರಲಾಗುತ್ತದೆ, ಗಮಕ ಅವಸರವಾಗುತ್ತದೆ. ನಿಮ್ಮ ಪುಸ್ತಕದಲ್ಲಿ ‘ದನಿ ತೆಳು, ಓಟ ಜಾಸ್ತಿ’ ಎಂದು ಅಂಕ ಕಳೆದುಕೊಂಡವರಿದ್ದರೆ, ತಂಬೂರಿ ಶ್ರುತಿ ಹಿಡಿದು ಇನ್ನೊಮ್ಮೆ ನೋಡಿ. ತಪ್ಪು ಮೋಟಾರಿನದಿರಬಹುದು.

ಹಾಗಾದರೆ ಹೋಲಿಸಲೇಬಾರದೇ? ಖಂಡಿತ ಹೋಲಿಸಬೇಕು. ಸಂಗೀತ ಕಲಿಯದೆ ಬರೀ ಕೇಳುವ ನಮ್ಮಂಥವರಿಗೆ ಕಿವಿ ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ನಿಮ್ಮ ಅಭ್ಯಾಸವನ್ನು ಹುಚ್ಚು ಎನ್ನುವವರ ಜೊತೆ ನಾನಿಲ್ಲ. ಆದರೆ ಕೇಳುವ ಪ್ರಶ್ನೆ ಬದಲಾಗಬೇಕು. ‘ಯಾರು ಮೇಲು’ ಎಂದು ಕೇಳಿದರೆ ಉತ್ತರ ಒಂದು ಹೆಸರು, ಅಲ್ಲಿಗೆ ಮುಗಿಯಿತು. ‘ಇವರು ಇಲ್ಲಿ ಏನು ಮಾಡಿದರು’ ಎಂದು ಕೇಳಿದರೆ ಮೂರು ನಿಮಿಷದ ಪ್ಲೇಟೂ ಒಂದು ವಾರ ಸಾಲದು.

ಕಾಪಿಯನ್ನೇ ತೆಗೆದುಕೊಳ್ಳಿ. ಭಾಷಾಂಗ ರಾಗ. ಎರಡೂ ನಿಷಾದ ಬರುತ್ತವೆ, ಅಂತರ ಗಾಂಧಾರ ನಡುವೆ ಇಣುಕುತ್ತದೆ. ಒಂದು ವಾರ ಒಂದೇ ರೆಕಾರ್ಡನ್ನು ಹಾಕಿ. ಆ ಗಾಂಧಾರವನ್ನು ಅವರು ಸವರಿ ದಾಟಿದರೇ, ಅದರ ಮೇಲೆ ಒಂದು ಕ್ಷಣ ನಿಂತರೇ? ಪಲ್ಲವಿಯ ಮೊದಲ ಮಾತನ್ನು ಒಂದೇ ಉಸಿರಿನಲ್ಲಿ ತಂದರೇ, ಮಾತು ಮುರಿಯದಂತೆ ಉಸಿರನ್ನು ಎಲ್ಲಿ ಬಚ್ಚಿಟ್ಟರು? ಯಶೋದೆಯ ಹೆಸರು ಬಂದಾಗ ದನಿ ಇಳಿಯಿತೇ? ಪಿಟೀಲಿನವರು ಸಾಹಿತ್ಯದ ಹಿಂದೆ ಬಂದರೇ ಜೊತೆಗೆ ಬಂದರೇ? ಚೌಡಯ್ಯನವರ ಏಳು ತಂತಿಯ ಪಿಟೀಲು ಪಕ್ಕದಲ್ಲಿರುವ ರೆಕಾರ್ಡು ಸಿಕ್ಕರೆ ಅದೊಂದನ್ನೇ ಹಿಂಬಾಲಿಸಿ ಒಮ್ಮೆ ಪೂರ್ತಿ ಕೇಳಿ, ಹಾಡಿದವರನ್ನು ಮರೆತು. ಅಂಕದ ಜಾಗದಲ್ಲಿ ಇವನ್ನು ಬರೆಯಿರಿ. ಮುಂದಿನ ವಾರ ಇನ್ನೊಬ್ಬರು. ಒಂದೇ ಸಂಜೆ ಹನ್ನೊಂದನ್ನೂ ಬೆನ್ನುಬೆನ್ನಿಗೆ ಹಾಕಿದರೆ ಮೂರನೆಯದರ ಹೊತ್ತಿಗೆ ಕಿವಿ ಸೋತು, ಮಿಕ್ಕ ಎಂಟಕ್ಕೆ ತೀರ್ಪು ಕೊಡುವುದು ಬೇಸರವೇ ಹೊರತು ರಸಿಕತೆಯಲ್ಲ.

ನಮ್ಮಲ್ಲಿ ರೆಕಾರ್ಡು ಕೂಡಿಟ್ಟವರ ಮಾತು ಬಂದಾಗ ನನಗೆ ಜಯಚಾಮರಾಜೇಂದ್ರ ಒಡೆಯರು ನೆನಪಾಗುತ್ತಾರೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪ್ಲೇಟುಗಳ ದೊಡ್ಡ ಭಂಡಾರವೇ ಅವರ ಅರಮನೆಯಲ್ಲಿತ್ತು. ಪಿಯಾನೊ ಸ್ವತಃ ಬಲ್ಲವರು. ರಷ್ಯದಿಂದ ಹೊರಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ವಾಗ್ಗೇಯಕಾರರ ಕೃತಿಗಳು ಪ್ಲೇಟಿನಲ್ಲಿ ಸರಿಯಾಗಿ ಸಿಗುವುದಿಲ್ಲ ಎಂದು ಕಂಡಾಗ, ಮಹಾರಾಜರು ತಾವೇ ಹಣ ಕೊಟ್ಟು, ಮುಪ್ಪಿನಲ್ಲಿದ್ದ ಮೆಟ್ನರ್ ಕೈಯಲ್ಲೇ ನುಡಿಸಿ 1940ರ ದಶಕದ ಕೊನೆಯಲ್ಲಿ ಎಚ್.ಎಂ.ವಿ.ಯಿಂದ ಮುದ್ರಣ ಮಾಡಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ತೀರಿಕೊಂಡ ಆ ಕಲಾವಿದರ ಸ್ವಂತ ವಾದನ ಇಂದು ಇಷ್ಟಾದರೂ ಕೇಳಸಿಗುತ್ತಿದ್ದರೆ ಅದರಲ್ಲಿ ಒಬ್ಬ ಮೈಸೂರಿಗನ ಪಾಲಿದೆ. ಅದೇ ಒಡೆಯರು ‘ಶ್ರೀವಿದ್ಯಾ’ ಮುದ್ರೆಯಲ್ಲಿ 94 ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದರು. ಕೇಳಿದ್ದು ಅವರಲ್ಲಿ ಕೂತು ಕೊಳೆಯಲಿಲ್ಲ. ಇಲ್ಲದಿರುವುದು ಯಾವುದು ಎಂದು ಗುರುತಿಸಿ ಅದನ್ನು ತುಂಬಲು ಅವರ ಸಂಗ್ರಹ ನೆರವಾಯಿತು.

ಅರಮನೆಯ ದುಡ್ಡು ನಮಗಿಲ್ಲ, ನಿಜ. ಆದರೆ ನಿಮ್ಮ ಸುತ್ತ ಇಲ್ಲದಿರುವುದು ಯಾವುದು ಎಂದು ನೋಡಿ. ತಳಿ, ದೇಂಕಣಿಕೋಟೆ, ಬಾಗಲೂರು ಕಡೆಯ ಭಜನೆ ಮನೆಗಳಲ್ಲಿ, ಹಸೆಗೆ ಹಾಡುವ ಅಜ್ಜಿಯಂದಿರ ಬಾಯಲ್ಲಿ ದಾಸರ ಪದಗಳ ಧಾಟಿಗಳು ಎಷ್ಟಿವೆಯೋ! ಕನ್ನಡ, ತೆಲುಗು, ತಮಿಳು ಒಂದೇ ಪಂಕ್ತಿಯಲ್ಲಿ ಕೂರುವ ಆ ಸೀಮೆಯ ಉಚ್ಚಾರವೇ ಬೇರೆ, ಕಾಲಪ್ರಮಾಣವೇ ಬೇರೆ. ಅವು ಯಾವ ಕಂಪನಿಯ ಪ್ಲೇಟಿನಲ್ಲೂ ಇಲ್ಲ, ಮಗನ ಫೋನಿನಲ್ಲೂ ಇಲ್ಲ. ಒಂದು ಸಣ್ಣ ರೆಕಾರ್ಡರ್ ಹಿಡಿದು ಹೋಗಿ, ಅವರ ಒಪ್ಪಿಗೆ ಕೇಳಿ ಮುದ್ರಿಸಿ, ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನು ಬರೆದಿಡಿ. ಹನ್ನೊಂದು ಪಾಠ ಕೇಳಿದ ಕಿವಿ ಈ ಕೆಲಸಕ್ಕೆ ಬೇಕು. ಆ ಕಿವಿ ನಿಮಗಿದೆ.

ಗದಗ ಸೀಮೆಯ ಹುಡುಗನೊಬ್ಬ ಅಂಗಡಿಯಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ, ಹಾಡಿದರೆ ಹೀಗೆ ಹಾಡಬೇಕು ಎಂದು ಹನ್ನೊಂದನೇ ವಯಸ್ಸಿಗೆ ಮನೆಬಿಟ್ಟು ಗುರುವನ್ನು ಹುಡುಕಿ ಹೊರಟ. ಭೀಮಸೇನ ಜೋಶಿಯವರ ಈ ಕಥೆ ನಿಮಗೆ ಗೊತ್ತೇ ಇದೆ. ಮೂರು ನಿಮಿಷದ ಪ್ಲೇಟಿಗೆ ಅಷ್ಟು ಶಕ್ತಿ. ಅದೇ ಶಕ್ತಿ ಇನ್ನೊಂದು ಮಗುವಿನ ಬಾಯಿ ಮುಚ್ಚಿಸಲು ಬಳಕೆಯಾಗಬಾರದು. ನಿಮ್ಮ ತಂಗಿಯ ಮಗಳ ಮುನಿಸು ಕರಗಿದ ಮೇಲೆ, ಅವಳಿಗೆ ಇಷ್ಟವಿದ್ದರೆ, ಮುಂದಿನ ವಸಂತದಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗೆ ಕರೆದುಕೊಂಡು ಹೋಗಿ. 1939ರಿಂದ ನಡೆದುಬಂದ ಉತ್ಸವ. ನೋಟ್‌ಬುಕ್ಕು ಮನೆಯಲ್ಲಿರಲಿ. ವಾಪಸು ಬರುವಾಗ ನಿಮ್ಮ ಅಭಿಪ್ರಾಯ ಹೇಳುವ ಮುಂಚೆ ಅವಳದನ್ನು ಕೇಳಿ. ಕಚೇರಿಯಲ್ಲಿ ನೆಮ್ಮದಿಯಿಲ್ಲ ಎಂದಿರಿ. ಎದುರಿಗೆ ಹಾಡುವವರ ಜೊತೆ ನೀವು ಕೂತಿರುವುದಿಲ್ಲ, ಅಂಕದ ಪುಸ್ತಕದ ಜೊತೆ ಕೂತಿರುತ್ತೀರಿ. ಅದೊಂದೇ ಕಾರಣ ನನಗೆ ಕಾಣುತ್ತಿರುವುದು.

ಮನೆಯವರ ಮಾತಿಗೆ ಬರೋಣ. ಅವರ ತಕರಾರು ಸಂಗೀತದ್ದೆಂದು ನನಗನ್ನಿಸುವುದಿಲ್ಲ. ಡಿಕ್ಕಿಯಲ್ಲಿ ಬಚ್ಚಿಡುವ ಗಂಡನ ಮೇಲೆ ಯಾವ ಹೆಂಗಸಿಗೂ ಸಿಟ್ಟು ಬರುತ್ತದೆ, ಒಳಗಿರುವುದು ಸೀರೆಯೋ ಸಿ.ಡಿ.ಯೋ ಎಂಬುದು ಆಮೇಲಿನ ಮಾತು. ತಿಂಗಳಿಗೆ ಇಷ್ಟು ಎಂದು ಇಬ್ಬರೂ ಕೂತು ಗೊತ್ತುಮಾಡಿಕೊಳ್ಳಿ, ಕೊಂಡದ್ದನ್ನು ಮುಂಬಾಗಿಲಿಂದ ತನ್ನಿ. ವಾರಕ್ಕೊಂದು ಸಂಜೆ ಏನು ಹಾಕಬೇಕೆಂದು ಅವರೇ ಹೇಳಲಿ. ಅವರು ಸುಪ್ರಭಾತವನ್ನೇ ಕೇಳಿದರೂ ಸರಿ. ಎಂ.ಎಸ್. ಸುಬ್ಬುಲಕ್ಷ್ಮಿ ಅವರ ವೆಂಕಟೇಶ ಸುಪ್ರಭಾತದ ಎಲ್.ಪಿ. 1963ರದು, ಬೆಳಗಿನ ಗದ್ದಲದಲ್ಲಿ ಅರ್ಧಂಬರ್ಧ ಕೇಳಿರುವ ನಮ್ಮಲ್ಲಿ ಅದನ್ನು ಕೂತು ಪೂರ್ತಿ ಕೇಳಿದವರು ಕಡಿಮೆ. ನಿಮ್ಮೂರ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರ ರಚನೆಗಳನ್ನೂ ಎಂ.ಎಸ್. ಹಾಡಿದ್ದಾರೆ. 1966ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಅವರು ಹಾಡಿದ ಕಚೇರಿಗೆಂದು ರಾಜಾಜಿ ಬರೆದುಕೊಟ್ಟ ಇಂಗ್ಲಿಷ್ ಪ್ರಾರ್ಥನೆ ಹೊಸೂರಿನ ಮನೆಯಲ್ಲಿ ಕೇಳಬೇಕಾದದ್ದೇ. ಹೋಲಿಸಲು ಇನ್ನೊಂದು ಇಲ್ಲದ ರೆಕಾರ್ಡನ್ನು ಇಬ್ಬರೂ ಕೂಡಿ ಕೇಳಿ ನೋಡಿ.

ಮಗ ಹೇಳುವುದರಲ್ಲೂ ಅರ್ಧ ಸರಿ. ಮಾರುಕಟ್ಟೆಯಲ್ಲಿ ಬಂದ ಸಿ.ಡಿ.ಗಳಲ್ಲಿ ಬಹುಪಾಲು ಈಗ ಫೋನಿನಲ್ಲಿ ಸಿಗುತ್ತವೆ. ಆದರೆ ಪಿಟೀಲು ಯಾರು, ಮೃದಂಗ ಯಾರು, ಯಾವ ಊರಿನ ಯಾವ ವರ್ಷದ ಕಚೇರಿ ಎಂಬುದು ಅಲ್ಲಿ ಎಷ್ಟೋ ಸಲ ಇರುವುದಿಲ್ಲ, ಡಬ್ಬಿಯೊಳಗಿನ ಮಡಿಕೆ ಕಾಗದದಲ್ಲಿ ಇರುತ್ತದೆ. ಇಂದು ಇದ್ದದ್ದು ನಾಳೆ ಅಲ್ಲಿಂದ ಮಾಯವಾಗುವುದೂ ಉಂಟು. ಆರುನೂರು ಸಿ.ಡಿ.ಯನ್ನು ಗುಣ ಕೆಡಿಸದೆ ಕಂಪ್ಯೂಟರಿಗೆ ಇಳಿಸಿದರೆ ಅರ್ಧ ಟೆರಾಬೈಟಿನೊಳಗೆ ಮುಗಿಯುತ್ತದೆ. ಅಂಗೈಯಷ್ಟು ಹಾರ್ಡ್ ಡಿಸ್ಕು. ಎರಡು ಪ್ರತಿ ಮಾಡಿ, ಒಂದು ಮಗನ ಮನೆಯಲ್ಲಿರಲಿ. ಕಾಗದಗಳ ಫೋಟೊ ತೆಗೆಯುವ ಕೆಲಸವನ್ನು ಅವನಿಗೇ ವಹಿಸಿ.

ಇಳಿಸುವಾಗ ಮೊದಲ ಸರದಿ ಅಂಗಡಿಯಲ್ಲಿ ಕೊಂಡವುಗಳದ್ದಲ್ಲ. ಯಾರೋ ಕಚೇರಿಯಲ್ಲಿ ಕೂತು ಮುದ್ರಿಸಿ ಕೊಟ್ಟ ಕ್ಯಾಸೆಟ್ಟು, ಮನೆಯಲ್ಲೇ ಬರೆದ ಸಿ.ಡಿ., ಬೆಂಗಳೂರು ಆಕಾಶವಾಣಿಯಿಂದ ಹಿಡಿದುಕೊಂಡ ಕಚೇರಿ, ಇವು ಇನ್ನೆಲ್ಲೂ ಇಲ್ಲದಿರಬಹುದು. ಮನೆಯಲ್ಲಿ ಬರೆದ ಸಿ.ಡಿ.ಗಳ ಬಣ್ಣದ ಲೇಪ ಬಿಸಿಲಿಗೆ, ಕಾಲಕ್ಕೆ ಕೆಡುತ್ತದೆ, ಕಾರ್ಖಾನೆಯಲ್ಲಿ ಅಚ್ಚಾದವು ಅಷ್ಟು ಬೇಗ ಕೆಡುವುದಿಲ್ಲ. ತಂದೆಯವರ 78ರ ಪ್ಲೇಟುಗಳು ಅರಗಿನವು. ಅವನ್ನು ಸ್ಪಿರಿಟ್ಟಿನಿಂದ ಒರೆಸಬೇಡಿ, ಅರಗು ಕರಗುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆ ಸಾಕು, ಕೂಡಲೇ ಒಣಗಿಸಿ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಿ. ಎಲ್.ಪಿ.ಯ ಮುಳ್ಳನ್ನು ಅವಕ್ಕೆ ತಾಗಿಸಬೇಡಿ, 78ರ ಗೀರು ಅಗಲ, ಅದಕ್ಕೆ ದಪ್ಪ ಮುಳ್ಳೇ ಬೇಕು.

ಟ್ರಂಕಿನಲ್ಲಿರುವುದನ್ನು ಪಟ್ಟಿ ಮಾಡುವಾಗ ಲೇಬಲ್ಲಿನ ಹೆಸರನ್ನು ಇದ್ದಂತೆಯೇ ಬರೆದುಕೊಳ್ಳಿ, ತಿದ್ದಬೇಡಿ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳ ಮೇಲೆ ಇದ್ದದ್ದು ಗಾಂಧಾರಿ ಹುಬಳೀಕರ ಎಂಬ ಹೆಸರು. ಹಾಗೆಂದು ಗೊತ್ತಿಲ್ಲದವರು ಯಾರೋ ಅನಾಮಿಕಳೆಂದು ಬದಿಗಿಡುತ್ತಾರೆ. ನಡುವಿನ ಲೇಬಲ್ಲಿನ ಸುತ್ತ ಹಾಡಿಲ್ಲದ ನುಣುಪು ಜಾಗದಲ್ಲಿ ಗೀಚಿದ ಒಂದು ಸಂಖ್ಯೆ ಇರುತ್ತದೆ, ದೀಪಕ್ಕೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಅದನ್ನೂ ಬರೆದುಕೊಳ್ಳಿ. ಯಾವ ಮುದ್ರಣ ಎಂದು ಬಲ್ಲವರು ಗುರುತಿಸುವುದು ಅದರಿಂದಲೇ.

ವ್ಯಾಪಾರಿಗೆ ಈಗ ಬೇಡ ಎಂದು ಹೇಳಿ. ಪಟ್ಟಿ ಇಲ್ಲದೆ ಸಗಟಾಗಿ ಮಾರಿದರೆ ಏನು ಕೊಟ್ಟಿರಿ ಎಂದು ನಿಮಗೇ ತಿಳಿಯುವುದಿಲ್ಲ, ಮನೆಯಲ್ಲಿ ಮುದ್ರಿಸಿದವು ಅವರಿಗೆ ಬೇಡದ ಮಾಲು, ಗುಜರಿಗೆ ಹೋಗುತ್ತವೆ. ಪಟ್ಟಿ ಮುಗಿದ ಮೇಲೆ, ಎರಡೆರಡು ಇರುವುದನ್ನು, ಸುಲಭವಾಗಿ ಸಿಗುವ ಸಿ.ಡಿ.ಗಳನ್ನು ಮಾರಿ ಅಥವಾ ಹಾಡು ಕಲಿಯುವ ಮಕ್ಕಳಿಗೆ ಕೊಡಿ. ಫ್ಲ್ಯಾಟಿಗೆ ಒಂದು ಕಪಾಟಿನಷ್ಟು ನಿಮ್ಮ ಜೊತೆ ಹೋಗಲಿ, ಆ ಕಪಾಟಿಗೆ ಮಗ ಒಪ್ಪಬೇಕು, ನಾನು ಹೇಳಿದೆ ಎಂದು ಹೇಳಿ. ಅಪರೂಪದ್ದೇನಾದರೂ ಕಂಡರೆ ಪಟ್ಟಿಯ ಆ ಪುಟಗಳ ಪ್ರತಿಯನ್ನು ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ವಸ್ತುಸಂಗ್ರಹಾಲಯದವರಿಗೆ ತೋರಿಸಿ, ಹೊಸೂರಿನಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ಚೆನ್ನೈ ಕಡೆ ಹೋಗುವುದಿದ್ದರೆ ಮ್ಯೂಸಿಕ್ ಅಕಾಡೆಮಿಯಲ್ಲಿ ಹಳೆಯ ಕಚೇರಿಗಳನ್ನು ಕೂತು ಕೇಳಲು ಪ್ರತ್ಯೇಕ ಧ್ವನಿಭಂಡಾರವೇ ಇದೆ, ಅವರನ್ನೂ ವಿಚಾರಿಸಿ. ಕೊಡುವುದಾದರೆ ಮೂಲ ಕೊಡುವ ಮೊದಲು ನಿಮ್ಮ ಪ್ರತಿ ಇಟ್ಟುಕೊಳ್ಳಿ, ಯಾರ ಸಂಗ್ರಹದಿಂದ ಬಂತು ಎಂಬಲ್ಲಿ ನಿಮ್ಮ ತಂದೆಯವರ ಹೆಸರನ್ನು ಬರೆಸಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ.